ನೆರೆ ಬಂದ ಊರಿನ ನೆರವಿಗೆ ಹೊರಡುವ ಮುನ್ನ



ಹೊಳೆ ಉಕ್ಕಿ ಊರು ಮುಳುಗಿದ ಸುದ್ದಿ ಬಂದೊಡನೆ ನಮ್ಮ ಹಳ್ಳಿಗಳ ತರುಣರು ನೆರವಿಗೆ ಹೊರಡುವುದುಂಟು. ಇದು ಬಹಳ ಒಳ್ಳೆಯ ಗುಣ. ಆದರೆ ಬರಿಗೈಯಲ್ಲಿ ಹೋದವನು ಆ ಊರಿಗೆ ಇನ್ನೊಬ್ಬ ನೆಂಟನಾಗುತ್ತಾನೆ. ಮನೆಯವರಿಗೇ ಒಲೆ ಹೊತ್ತಿಸಲು ಒಣ ಸೌದೆ ಇಲ್ಲದಿರುವಾಗ, ಒಂದು ಕೊಡ ಕುಡಿಯುವ ನೀರಿಗೆ ಹೆಂಗಸರು ಸಾಲು ನಿಂತಿರುವಾಗ, ನೆಂಟರನ್ನು ಸಾಕುವವರು ಯಾರು? ಆದುದರಿಂದ ನೆರವಿಗೆ ಹೋಗುವವನು ತನ್ನ ಊಟ, ತನ್ನ ನೀರು, ತನ್ನ ಹಾಸಿಗೆ, ತನ್ನ ಔಷಧಿ ಇಷ್ಟನ್ನು ತಾನೇ ಒಯ್ಯಬೇಕು. ಇದು ಮೊದಲನೆಯ ನಿಯಮ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದವು. ಮರುವರ್ಷ, 2019ರ ಆಗಸ್ಟಿನಲ್ಲಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಅನೇಕ ಹಳ್ಳಿಗಳು ನೀರಿನಲ್ಲಿ ನಿಂತವು. ಇಂಥ ಸಮಯದಲ್ಲಿ ಅಂಗಡಿ ತೆರೆದಿರುವುದಿಲ್ಲ, ಕರೆಂಟು ಇರುವುದಿಲ್ಲ, ಬಸ್ಸು ಬರುವುದಿಲ್ಲ. ಮರೆತು ಬಂದುದನ್ನು ಅಲ್ಲಿ ಕೊಂಡುಕೊಳ್ಳುತ್ತೇನೆ ಎಂಬ ಮಾತು ನಡೆಯದು.

ಭೂಕಂಪದಲ್ಲಿ ಸಿಲುಕಿದವರನ್ನು ಹೊರತೆಗೆಯಲು ದೇಶದಿಂದ ದೇಶಕ್ಕೆ ಹೋಗುವ ತಂಡಗಳಿಗೆ ವಿಶ್ವಸಂಸ್ಥೆಯ ಮಾರ್ಗಸೂಚಿ ಇದೆ. ಮಧ್ಯಮ ತಂಡ 7 ದಿನ, ದೊಡ್ಡ ತಂಡ 10 ದಿನ ತನ್ನ ಖರ್ಚು ತಾನೇ ನೋಡಿಕೊಳ್ಳುವಂತಿರಬೇಕು ಎಂದು ಅದು ಹೇಳುತ್ತದೆ. ಹಳ್ಳಿಯ ಸ್ವಯಂಸೇವಕನಿಗೆ ಅಷ್ಟು ಬೇಡ. ಮೂರು ದಿನಗಳ ಸಿದ್ಧತೆ ಸಾಕು. ಆದರೆ ಆ ಮೂರು ದಿನಕ್ಕೆ ಕೊರತೆ ಬರಕೂಡದು.

ಯಾರೊಡನೆ ಹೋಗಬೇಕು?

ಮನಸ್ಸಿಗೆ ಬಂದಂತೆ ಹೊರಡಬೇಡಿರಿ. ಜಿಲ್ಲೆಯಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಎಲ್ಲಿ ಎಷ್ಟು ಜನ ಬೇಕು ಎಂಬುದು ಅವರ ಕಚೇರಿಗೂ ತಹಶೀಲ್ದಾರರಿಗೂ ಗೊತ್ತಿರುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ ದೂರವಾಣಿ 1077; ಜೀವಾಪಾಯದ ಸಂದರ್ಭಕ್ಕೆ 112. ಗೃಹರಕ್ಷಕ ದಳ ಇಲ್ಲವೆ 2016ರಲ್ಲಿ ಆರಂಭವಾದ ‘ಆಪದ ಮಿತ್ರ’ ಯೋಜನೆಯಲ್ಲಿ ತರಬೇತಿ ಪಡೆದವರೊಡನೆ ತಂಡವಾಗಿ ಹೋಗುವುದು ಉತ್ತಮ. ತಂಡದ ಮುಖ್ಯಸ್ಥನ ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದರೆ, ಸಂಜೆ ನೀವು ಹಿಂದಿರುಗದಿದ್ದಾಗ ಹುಡುಕುವವರಿರುತ್ತಾರೆ.

ಮೊದಲು ಮನೆಯ ವ್ಯವಸ್ಥೆ

ಚೀಲ ಕಟ್ಟುವ ಮುನ್ನ ಮನೆಯನ್ನು ನೋಡಿರಿ. ದನಗಳಿಗೆ ಮೇವು ಹಾಕುವವರು ಯಾರು? ಹಾಲು ಕರೆದು ಡೇರಿಗೆ ಹಾಕುವವರು ಯಾರು? ಪಂಪ್‌ಸೆಟ್ಟು ಯಾರ ಜವಾಬ್ದಾರಿ? ಇವನ್ನು ಮನೆಯವರೊಡನೆ ಕುಳಿತು ಮಾತನಾಡಿ, ನೆರೆಮನೆಯವರಿಗೂ ತಿಳಿಸಿರಿ. ಎಲ್ಲಿಗೆ ಹೋಗುತ್ತೀರಿ, ಯಾರೊಡನೆ, ಎಂದು ಹಿಂದಿರುಗುವಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ನಿಮ್ಮ ಊರಿಗೇ ನೀರು ಬರುವ ಸೂಚನೆಯಿದ್ದರೆ ಹೊರಡಬೇಡಿರಿ. ಆಗ ನಿಮ್ಮ ಕೆಲಸ ಇಲ್ಲಿಯೇ ಇದೆ. ಜ್ವರವಿದ್ದವರು, ಕಾಲಿನಲ್ಲಿ ವಾಸಿಯಾಗದ ಗಾಯವಿದ್ದವರು ಸಹ ನಿಲ್ಲುವುದೇ ಸರಿ.

ಚೀಲದ ತೂಕ

ಹೊರುವ ಚೀಲವು ನಿಮ್ಮ ಮೈತೂಕದ ಐದನೆಯ ಒಂದು ಭಾಗವನ್ನು ಮೀರದಿರಲಿ. 60 ಕೆ.ಜಿ. ತೂಕದ ಆಳಿಗೆ 12 ಕೆ.ಜಿ. ಮಿತಿ. ಕೆಸರಿನಲ್ಲಿ ನಡೆಯುವಾಗ ಪ್ರತಿಯೊಂದು ಕಿಲೋ ಎರಡಾಗಿ ತೋರುತ್ತದೆ. ಬೆನ್ನಿಗೆ ಹಾಕುವ ಚೀಲವೇ ಇರಲಿ, ಎರಡು ಕೈಗಳೂ ಬಿಡುವಾಗಿರಬೇಕು.

ಆಹಾರ: ಬೇಯಿಸದೆ ತಿನ್ನಬಹುದಾದುದನ್ನೇ ಒಯ್ಯಿರಿ. ಒಬ್ಬರಿಗೆ ಒಂದು ದಿನಕ್ಕೆ 200 ಗ್ರಾಂ ಅವಲಕ್ಕಿ, 100 ಗ್ರಾಂ ಹುರಿಗಡಲೆ, 100 ಗ್ರಾಂ ಶೇಂಗಾ, 100 ಗ್ರಾಂ ಬೆಲ್ಲ ಇದ್ದರೆ ಸುಮಾರು 2,000 ಕ್ಯಾಲೊರಿ ದೊರೆಯುತ್ತದೆ. ಮೂರು ದಿನಕ್ಕೆ ಒಂದೂವರೆ ಕಿಲೋ ಆಯಿತು. ಇದರೊಡನೆ ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ರಾಗಿಯ ಸೀಮೆಯವರಾದರೆ ಹುರಿಹಿಟ್ಟು, ಸೇರಿ ಎರಡು ಕಿಲೋ.

ನೀರು: ದುಡಿಯುವವನು ಕುಡಿಯಲಿಕ್ಕೇ ದಿನಕ್ಕೆ 3 ಲೀಟರ್ ಬೇಕು. ಮೂರು ದಿನಕ್ಕೆ 9 ಕಿಲೋ ಆಗುವುದರಿಂದ ಅಷ್ಟನ್ನೂ ಹೊರಲಾಗದು. ಮೊದಲ ದಿನದ 3 ಲೀಟರ್ ಮಾತ್ರ ಒಯ್ಯಿರಿ. ಮುಂದಿನ ದಿನಗಳಿಗೆ ಆರೋಗ್ಯ ಕೇಂದ್ರದಿಂದ ಕ್ಲೋರಿನ್ ಮಾತ್ರೆ ತೆಗೆದುಕೊಳ್ಳಿರಿ. ನೀರನ್ನು ಬಟ್ಟೆಯಲ್ಲಿ ಸೋಸಿ, ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕೀಟನಾಶಕವೋ ಎಣ್ಣೆಯೋ ಬೆರೆತ ನೀರನ್ನು ಮಾತ್ರೆ ಶುದ್ಧಮಾಡಲಾರದು ಎಂಬುದು ನೆನಪಿರಲಿ.

ಬಟ್ಟೆ: ಪಂಚೆ, ಲುಂಗಿ ಕಾಲಿಗೆ ತೊಡರುತ್ತವೆ. ದಪ್ಪ ಜೀನ್ಸ್ ಪ್ಯಾಂಟು ನೀರು ಕುಡಿದರೆ ಒಣಗುವುದೇ ಇಲ್ಲ. ತೆಳುವಾದ ಪ್ಯಾಂಟು, ಉದ್ದ ತೋಳಿನ ಅಂಗಿ, ಮಳೆಕೋಟು ಇರಲಿ. ಎರಡು ಜೊತೆ ಬಟ್ಟೆ ಸಾಕು. ಒಂದು ಕೆಲಸಕ್ಕೆ, ಒಂದು ರಾತ್ರಿಗೆ. ರಾತ್ರಿಯ ಬಟ್ಟೆಯನ್ನೂ ಹೊದಿಕೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣಗಿರುವಂತೆ ಕಾಪಾಡಿರಿ. ಔಷಧಿ ಸಿಂಪಡಿಸುವಾಗ ತೊಟ್ಟ ಬಟ್ಟೆ, ಕೈಗವಸು ಬೇಡವೇ ಬೇಡ.

ಕಾಲಿಗೆ: ಕೆಸರಿನಡಿಯಲ್ಲಿ ಮೊಳೆ, ತಗಡು, ಗಾಜು ಅಡಗಿರುತ್ತವೆ, ಗೋಡೆಯ ಸಂದಿಯಲ್ಲಿ ಹಾವು ಸೇರಿರುತ್ತದೆ. ಮೊಣಕಾಲವರೆಗಿನ ರಬ್ಬರ್ ಬೂಟು ಅತ್ಯಗತ್ಯ. ಒಂದು ಗಟ್ಟಿ ಕೋಲೂ ಇರಲಿ.

ಔಷಧಿ: ಓ.ಆರ್.ಎಸ್. ಪೊಟ್ಟಣ, ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಮುಲಾಮು, ಸಾಬೂನು, ಸೊಳ್ಳೆ ಪರದೆ. ಬಿ.ಪಿ., ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆಗಳನ್ನು ಏಳು ದಿನಕ್ಕಾಗುವಷ್ಟು ಒಯ್ಯಬೇಕು. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಹೊರಡುವ ಮೊದಲೇ ಕೇಳಿ ತಿಳಿಯಿರಿ. ನೆರೆನೀರಿನಲ್ಲಿ ಇಲಿಜ್ವರದ ಅಪಾಯವುಂಟು. ಅದಕ್ಕೆ ಮುಂಜಾಗ್ರತೆಯ ಮಾತ್ರೆ ಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು.

ಇತರ ಸಾಮಾನು: ಟಾರ್ಚು, ಸೀಟಿ, 15 ಮೀಟರ್ ಗಟ್ಟಿ ಹಗ್ಗ, ಚಾಕು, ಚಾರ್ಜು ತುಂಬಿದ ಪವರ್ ಬ್ಯಾಂಕು, ತಟ್ಟೆ, ಲೋಟ, ಚಿಲ್ಲರೆ ಹಣ. ಹೆಸರು, ರಕ್ತದ ಗುಂಪು, ಮನೆಯ ದೂರವಾಣಿ ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜೇಬಿನಲ್ಲಿಡಿರಿ. ಚಿನ್ನ, ಮದ್ಯ ಎರಡೂ ಮನೆಯಲ್ಲೇ ಇರಲಿ. ಮದ್ಯವನ್ನು ಮನೆಯಲ್ಲೂ ಇಡದಿದ್ದರೆ ಇನ್ನೂ ಒಳ್ಳೆಯದು.

ಸ್ತ್ರೀಸಂಘದ ಸಹೋದರಿಯರಿಗೆ ಒಂದು ಮಾತು. ಕಾಳಜಿ ಕೇಂದ್ರಗಳಲ್ಲಿ ಬಾಣಂತಿಯರು, ಹಸುಗೂಸುಗಳು, ಮುದುಕಿಯರು ಇರುತ್ತಾರೆ. ಅವರ ಕಷ್ಟವನ್ನು ಹೆಂಗಸರೇ ಬೇಗ ಅರಿಯಬಲ್ಲರು. ಕನಿಷ್ಠ ಇಬ್ಬರು ಜೊತೆಯಾಗಿ ಹೋಗಿರಿ. ಮುಟ್ಟಿನ ದಿನಗಳ ಪ್ಯಾಡುಗಳನ್ನು ನಿಮಗೂ ಅಲ್ಲಿಯವರಿಗೂ ಆಗುವಂತೆ ಒಯ್ಯಿರಿ. ಕೊಡುವ ಸಾಮಾನುಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಅಲ್ಲಿ ಮಾಡಬಾರದ ಕೆಲಸ

ಈಜು ಬಲ್ಲೆನೆಂದು ಹರಿಯುವ ನೀರಿಗೆ ಇಳಿಯಬೇಡಿರಿ. ರಭಸದ ನೀರು ಮೊಣಕಾಲುದ್ದ ಇದ್ದರೂ ಗಟ್ಟಿಮುಟ್ಟಾದ ಆಳನ್ನು ಕೆಡವಬಲ್ಲದು. ಆ ಕೆಲಸಕ್ಕೆ ದೋಣಿ, ಜೀವರಕ್ಷಕ ಅಂಗಿಯುಳ್ಳ ಅಗ್ನಿಶಾಮಕ ದಳದವರೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ಇದ್ದಾರೆ. ಬಿದ್ದ ತಂತಿಯ ಹತ್ತಿರ ಹೋಗಬೇಡಿರಿ. ನೆನೆದ ಮಣ್ಣಿನ ಗೋಡೆಯ ಮಗ್ಗುಲಲ್ಲಿ ನಿಲ್ಲಬೇಡಿರಿ. ನೀರು ಇಳಿದ ಮೇಲೆಯೇ ಅವು ಕುಸಿಯುವುದು ಹೆಚ್ಚು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಕೂಡದು. ಕಚ್ಚಿದ ಭಾಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸಿರಿ.

ರೈತನು ಮಾಡಬಲ್ಲ ಕೆಲಸ ಅಲ್ಲಿ ಬೇಕಾದಷ್ಟಿದೆ. ಬೆದರಿದ ದನವನ್ನು ಹಿಡಿದು ಕಟ್ಟುವುದು, ಟ್ರ್ಯಾಕ್ಟರಿನಲ್ಲಿ ಮೇವು ಸಾಗಿಸುವುದು, ಮನೆಯೊಳಗಿನ ಕೆಸರನ್ನು ಸನಿಕೆಯಲ್ಲಿ ಎತ್ತಿ ಹಾಕುವುದು ನಿಮಗೆ ಬಂದ ಕೆಲಸಗಳು. ಆದುದರಿಂದ ತಂಡಕ್ಕೆ ನಾಲ್ಕಾರು ಸನಿಕೆ, ಬುಟ್ಟಿಗಳನ್ನೂ ಗಾಡಿಯಲ್ಲಿ ಹಾಕಿಕೊಳ್ಳಿರಿ.

ಹಿಂದಿರುಗಿದ ಮೇಲೆ

ಬೂಟು, ಬಟ್ಟೆಗಳನ್ನು ತೊಳೆದು ಬಿಸಿಲಿಗೆ ಹಾಕಿರಿ. ಒಂದು ತಿಂಗಳೊಳಗೆ ಜ್ವರ, ಮೈಕೈನೋವು, ಕಣ್ಣು ಕೆಂಪಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ, ನೆರೆನೀರಿನಲ್ಲಿ ಕೆಲಸ ಮಾಡಿದುದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಕಂಡ ದುಃಖದಿಂದ ನಿದ್ರೆ ಬಾರದಿದ್ದರೆ ಅದು ಹೇಡಿತನವಲ್ಲ, ಮನೆಯವರೊಡನೆ ಮಾತನಾಡಿರಿ. ಸರ್ಕಾರದ ‘ಟೆಲಿ ಮನಸ್’ ಸಲಹೆಯೂ 14416ರಲ್ಲಿ ಉಚಿತವಾಗಿ ದೊರೆಯುತ್ತದೆ.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುವುದೇನು? ಮಳೆ ಹಿಡಿಯುವ ಮುನ್ನವೇ ಊರಿನ ಐದಾರು ಮಂದಿ ಸೇರಿ ಚೀಲಗಳನ್ನು ಕಟ್ಟಿ, ತಕ್ಕಡಿಯಲ್ಲಿ ತೂಗಿ, ಹೊತ್ತುಕೊಂಡು ಎರಡು ಮೈಲಿ ನಡೆದು ನೋಡಿರಿ. ಭಾರವಾದುದನ್ನು ತೆಗೆಯಿರಿ, ಮರೆತುದನ್ನು ಸೇರಿಸಿರಿ. ಆಹಾರವನ್ನೂ ಮಾತ್ರೆಗಳನ್ನೂ ಆಗಾಗ ಬದಲಿಸುತ್ತಿರಿ. ಹೀಗೆ ಸಿದ್ಧವಾದ ಚೀಲ ನೆರೆಯವರಿಗೆ ಉಪಯೋಗಕ್ಕೆ ಬರದಿದ್ದರೂ, ನಮ್ಮ ಊರಿಗೇ ನೀರು ನುಗ್ಗಿದ ರಾತ್ರಿ ನಮ್ಮ ಮಕ್ಕಳಿಗೆ ಬಂದೀತು.