ಮುಖಪುಟದ ಮೇಲೆ ನಮ್ಮೂರಿನ ‘ಐತೆ’

2025ರ ಮೇ ತಿಂಗಳು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮರುದಿನ ಆಫೀಸಿನ ಕ್ಯಾಂಟೀನಲ್ಲಿ ನನ್ನ ಟೀಮಿನ ಉತ್ತರ ಭಾರತದ ಹುಡುಗ ಕೇಳಿದ: ‘ನೀನು ಕನ್ನಡದವನಲ್ವಾ? ಅವರದ್ದು ಓದಿದೀಯಾ? ಬೇರೆ ಯಾವ ಕನ್ನಡ ಪುಸ್ತಕ ಓದಲಿ, ಹೇಳು.’ ನಾನು ಕಾಫಿ ಕುಡಿಯೋ ನೆಪದಲ್ಲಿ ಲೋಟ ಎತ್ತಿದೆ. ಹತ್ತನೇ ಕ್ಲಾಸಿನ ಪಠ್ಯಪುಸ್ತಕದ ನಂತರ ನಾನು ಒಂದೇ ಒಂದು ಕನ್ನಡ ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ.

ಇನ್ನೂ ನಾಚಿಕೆ ಆಗೋ ವಿಷಯ ಏನಂದ್ರೆ, ನಾನು ಗೌರಸಮುದ್ರದವನು. ಮಾರಮ್ಮನ ಜಾತ್ರೆ ಅಂದ್ರೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆಲ್ಲ ಗೊತ್ತು. ಆಂಧ್ರದಿಂದಲೂ ಜನ ಬರ್ತಾರೆ, ಅಮ್ಮನಿಗೆ ಈರುಳ್ಳಿ ತೂರ್ತಾರೆ. ನಮ್ಮ ಕಡೆಯ ತಳುಕು ಊರಿನ ಹೆಸರು ಹೊತ್ತ ಮನೆತನದಿಂದಲೇ ತ.ರಾ.ಸು. ಬಂದರು. ‘ತ’ ಅಂದ್ರೆ ತಳುಕು ಅನ್ನೋದು ನನಗೆ ಮೂವತ್ತನೇ ವಯಸ್ಸಲ್ಲಿ ಗೊತ್ತಾಯ್ತು! ಅವರ ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರಿಗೇ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ್ದು. ಇಷ್ಟೆಲ್ಲ ಇರೋ ಸೀಮೆಯಿಂದ ಬಂದು ನಾನು ಕಾಫಿ ಲೋಟದ ಹಿಂದೆ ಮುಖ ಮುಚ್ಚಿಕೊಂಡಿದ್ದೆ.

ಆ ದಿನ ಶುರುವಾದ ಓದು ಇದು. ಹೆಚ್ಚಿನದು ಬೆಂಗಳೂರು–ಚಳ್ಳಕೆರೆ ಬಸ್ಸಲ್ಲಿ, ಉಳಿದದ್ದು ರಾತ್ರಿ ಊಟ ಆದಮೇಲೆ. ನಾನು ವಿಮರ್ಶಕ ಅಲ್ಲ, ಕೋಡ್ ಬರೆಯೋನು. ಐದು ಪುಸ್ತಕ ಓದಿ ನನಗೆ ಅನ್ನಿಸಿದ್ದನ್ನ ಹೇಳ್ತೀನಿ, ಅಷ್ಟೇ.

ದುರ್ಗಾಸ್ತಮಾನ: ಕೋಟೆ ಕಂಡಿತು, ಹಟ್ಟಿ ಕಾಣಲಿಲ್ಲ

ಮೊದಲು ಕೈಗೆತ್ತಿಕೊಂಡದ್ದು ತ.ರಾ.ಸು. ಅವರ ‘ದುರ್ಗಾಸ್ತಮಾನ’. 1982ರಲ್ಲಿ ಬಂದ ಕಾದಂಬರಿ. ಅವರು ತೀರಿಕೊಂಡಿದ್ದು 1984ರಲ್ಲಿ, ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಚಿತ್ರದುರ್ಗದ ಕೊನೆಯ ಪಾಳೇಗಾರ ಮದಕರಿ ನಾಯಕ ಪಟ್ಟಕ್ಕೆ ಬಂದಲ್ಲಿಂದ, 1779ರಲ್ಲಿ ಹೈದರಾಲಿಗೆ ಕೋಟೆ ಬೀಳೋವರೆಗಿನ ಕಥೆ.

ಪುಸ್ತಕದ ದಪ್ಪ ನೋಡಿ ಹೆದರಬೇಡಿ. ಮೊದಲ ನೂರು ಪುಟ ನಿಧಾನ, ನಿಜ. ಯಾರು ಯಾರಿಗೆ ಏನಾಗಬೇಕು ಅಂತ ನಾನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಹಿಡಿದರೆ ಬಿಡಲ್ಲ. ಕಥೆಯ ಕೊನೆ ಏನು ಅಂತ ಮೊದಲೇ ಗೊತ್ತು, ಹೆಸರಲ್ಲೇ ‘ಅಸ್ತಮಾನ’ ಅಂತಿದೆ. ಆದರೂ ಮುತ್ತಿಗೆಯ ಪುಟಗಳಲ್ಲಿ ‘ಈ ಸಲ ಉಳೀಬಹುದೇನೋ’ ಅಂತ ಆಸೆ ಹುಟ್ಟಿಸ್ತಾರೆ. ಹೊರಗಿನ ಶತ್ರು ಎಷ್ಟು ಕಾರಣವೋ, ಒಳಗಿನ ಅನುಮಾನ, ಸಿಟ್ಟು, ದುಡುಕು ಕೂಡ ಅಷ್ಟೇ ಕಾರಣ ಅಂತ ತೋರಿಸಿದ್ದು ನನಗೆ ಹಿಡಿಸ್ತು. ಒಳ್ಳೆ ಕಂಪನಿ ಒಳಜಗಳದಿಂದ ಹಾಳಾಗೋದನ್ನ ನೋಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ.

ನನ್ನ ತಕರಾರು ಒಂದೇ. ಕಥೆ ಹೆಚ್ಚಾಗಿ ಅರಮನೆ, ದರ್ಬಾರು, ದಂಡಿನ ಸುತ್ತಲೇ ಇದೆ. ಎಲ್ಲರೂ ಗಂಭೀರವಾಗಿ, ಗ್ರಂಥದ ಕನ್ನಡದಲ್ಲೇ ಮಾತಾಡ್ತಾರೆ. ಆ ಕೋಟೆಗೆ ರಾಗಿ, ಸಜ್ಜೆ ಕಳಿಸಿದ, ಕುರಿ ದನ ಕಾಯ್ದ ಹಟ್ಟಿಯವರ ಮನೆಯೊಳಗೆ ಒಂದು ಸಂಜೆ ಕೂರಿಸಿದ್ರೆ ಚೆನ್ನಾಗಿತ್ತು ಅನ್ನಿಸ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ತೆಲುಗು ಮಾತಾಡ್ತಾರೆ, ಬೀದಿಗೆ ಬಂದರೆ ಕನ್ನಡ. ಆ ಎರಡು ನಾಲಿಗೆಯ ಸದ್ದು ನನಗೆ ಇದರಲ್ಲಿ ಕೇಳಲಿಲ್ಲ.

ತೇಜೋ ತುಂಗಭದ್ರಾ: ನಮ್ಮ ಫೀಲ್ಡಿನವರು ಬರೆದದ್ದು

ವಸುಧೇಂದ್ರ ಸಂಡೂರಿನವರು, ಬಹಳ ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು. ‘ಛಂದ ಪುಸ್ತಕ’ ಪ್ರಕಾಶನವೂ ಅವರದ್ದೇ. 2019ರಲ್ಲಿ ಬಂದ ಈ ಕಾದಂಬರಿ ಎರಡು ನದಿಗಳ ದಡದ್ದು: ಪೋರ್ಚುಗಲ್‌ನ ಲಿಸ್ಬನ್ ಊರಿನ ತೇಜೋ, ನಮ್ಮ ವಿಜಯನಗರದ ತುಂಗಭದ್ರಾ. ಅಲ್ಲಿ ಗೇಬ್ರಿಯಲ್ ಮತ್ತು ಬೆಲ್ಲಾ, ಇಲ್ಲಿ ಹಂಪಮ್ಮ ಮತ್ತು ಕೇಶವ. ನಡುವೆ ಹಡಗು, ಮೆಣಸು, ಮತಾಂತರ. 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾದ ಕಾಲ ಅದು.

ಕನ್ನಡ ಓದೋ ಅಭ್ಯಾಸ ತಪ್ಪಿದವರು ಎಲ್ಲಿಂದ ಶುರುಮಾಡ್ಬೇಕು ಅಂತ ಕೇಳಿದ್ರೆ ನಾನು ಇದನ್ನೇ ಹೇಳೋದು. ಭಾಷೆ ಸರಳ, ಓಟ ಜೋರು. ವಿಜಯನಗರ ಅಂದ್ರೆ ಬೀದಿಯಲ್ಲಿ ಮುತ್ತು ರತ್ನ ಅಳೆದದ್ದು ಮಾತ್ರ ನಮಗೆ ಗೊತ್ತು. ರಾಜನಿಗಾಗಿ ತಲೆ ಕೊಡ್ತಿದ್ದ ಲೆಂಕರು, ಗಂಡನ ಚಿತೆಗೆ ಹೋಗಬೇಕಿದ್ದ ಹೆಂಗಸರು, ಇವರ ಕಡೆಯಿಂದ ಆ ವೈಭವ ಹೇಗೆ ಕಾಣ್ತಿತ್ತು ಅಂತ ಇಲ್ಲಿ ನೋಡಬಹುದು. ಒಂದೇ ಬೇಸರ: ಕಷ್ಟದ ಮೇಲೆ ಕಷ್ಟ ಬಂದು ಬಂದು, ಕೊನೆಕೊನೆಗೆ ಮನಸ್ಸು ಮರಗಟ್ಟಿದ ಹಾಗೆ ಆಯ್ತು. ಎರಡು ದಿನ ಪುಸ್ತಕ ಮುಚ್ಚಿಟ್ಟು ಮತ್ತೆ ತೆಗೆದೆ.

ಘಾಚರ್ ಘೋಚರ್: ಬೆಂಗಳೂರಲ್ಲಿ ಇರೋರಿಗೆ

ವಿವೇಕ ಶಾನಭಾಗರ ಈ ಪುಟ್ಟ ಪುಸ್ತಕ (2013) ಒಂದು ಭಾನುವಾರ ಮಧ್ಯಾಹ್ನಕ್ಕೆ ಮುಗೀತು. ಮಸಾಲೆ ವ್ಯಾಪಾರದಿಂದ ದಿಢೀರ್ ಸ್ಥಿತಿವಂತರಾದ ಒಂದು ಮನೆ. ದುಡಿಯೋನು ಚಿಕ್ಕಪ್ಪ, ಮಿಕ್ಕವರೆಲ್ಲ ಅವನ ಸುತ್ತ ಗೋಡೆ. ಏನೂ ಕೂಗಾಡದೆ ಹೆದರಿಸ್ತಾರೆ. ಮನೆಗೆ ನಾನೊಬ್ಬನೇ ದುಡಿಯೋನು. ನನ್ನ ಮಾತಿಗೆ ಮನೇಲಿ ಯಾರೂ ಎದುರಾಡಲ್ಲ ಅನ್ನೋದು ಈ ಪುಸ್ತಕ ಓದೋವರೆಗೆ ನನಗೆ ಹೊಳೆದಿರಲಿಲ್ಲ. ಮುಗಿಸಿದ ಮೇಲೆ ಅಮ್ಮನಿಗೆ ಫೋನ್ ಮಾಡಿ, ‘ಹೊಸ ಫ್ರಿಜ್ ಯಾವ ಬಣ್ಣದ್ದು ಬೇಕಿತ್ತಮ್ಮ ನಿಂಗೆ?’ ಅಂತ ಕೇಳಿದೆ. ‘ಆಗ್ಲೇ ತಂದಿದೀಯಲ್ಲಪ್ಪ, ಈಗ್ಯಾಕೆ?’ ಅಂದ್ರು.

ಯೇಗ್ದಾಗೆಲ್ಲಾ ಐತೆ: ಹೆಸರು ನೋಡೇ ಕೊಂಡದ್ದು

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಇಂಜಿನಿಯರಿಂಗ್ ಮೊದಲ ವರ್ಷ, ಹಾಸ್ಟೆಲಲ್ಲಿ ಯಾರೋ ‘ನೋಟ್ಸ್ ಇದೆಯಾ’ ಅಂದರು. ನಾನು ‘ಐತೆ’ ಅಂದೆ. ಅಷ್ಟೇ. ನಾಲ್ಕು ವರ್ಷ ನನ್ನ ಹೆಸರೇ ‘ಐತೆ’ ಆಯ್ತು. ಯಾರೂ ಕೆಟ್ಟವರಲ್ಲ, ತಮಾಷೆಗೇ ಕರೀತಿದ್ದರು. ಆದರೆ ನಾನು ಸದ್ದಿಲ್ಲದೆ ನನ್ನ ಮಾತನ್ನ ಬದಲಾಯಿಸಿಕೊಂಡೆ. ‘ಐತೆ’ ಹೋಗಿ ‘ಇದೆ’ ಬಂತು, ‘ಬಂದೈತೆ’ ಹೋಗಿ ‘ಬಂದಿದೆ’. ಊರಿಂದ ಅಜ್ಜಿ ಫೋನ್ ಮಾಡಿದ್ರೆ ಎದ್ದು ಕಾರಿಡಾರಿಗೆ ಹೋಗಿ ಮಾತಾಡ್ತಿದ್ದೆ. ಎದುರಿಗೆ ಮಾತಾಡಿದ್ರೆ ಪದ ಜಾರೀತು ಅನ್ನೋ ಭಯ.

ಅಂಥವನ ಕಣ್ಣಿಗೆ ಪುಸ್ತಕದ ಅಂಗಡಿಯಲ್ಲಿ, ಮುಖಪುಟದ ಮೇಲೇ ‘ಐತೆ’ ಬಿತ್ತು! ಬರೆದವರು ಬೆಳಗೆರೆ ಕೃಷ್ಣಶಾಸ್ತ್ರಿಗಳು. ನಮ್ಮ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯವರು, ಗಾಂಧಿ ಮಾರ್ಗದ ಮೇಷ್ಟ್ರು. 1916ರಲ್ಲಿ ಹುಟ್ಟಿ 2013ರವರೆಗೆ ಬದುಕಿದ್ದರು. ಪುಸ್ತಕ ಮುಕುಂದೂರು ಸ್ವಾಮಿಗಳು ಅನ್ನೋ ಅವಧೂತರ ಒಡನಾಟದ ನೆನಪು.

ಸ್ವಾಮಿಗಳ ಪುಸ್ತಕ ಅಂದ್ರೆ ನನಗೆ ಆಕಳಿಕೆ. ಪವಾಡ ಇರುತ್ತೆ, ಉಪದೇಶ ಇರುತ್ತೆ ಅಂದುಕೊಂಡೆ. ಇಲ್ಲಿರೋ ಅಜ್ಜ ಬೇರೆ ಥರ. ದೊಡ್ಡ ದೊಡ್ಡ ವಿಷಯಕ್ಕೂ ಹೊಲ, ಒಲೆ, ಅಡುಗೆಮನೆ ಉದಾಹರಣೆ ಕೊಟ್ಟು ಹಳ್ಳಿ ಮಾತಲ್ಲೇ ಮುಗಿಸ್ತಾರೆ. ಶಾಸ್ತ್ರಿಗಳು ಸಂಸ್ಕೃತ, ಕಾವ್ಯ ಬಲ್ಲವರು. ಆದರೂ ಅಜ್ಜನ ಒಂದು ಪದವನ್ನೂ ತಿದ್ದೋಕೆ ಹೋಗಿಲ್ಲ. ‘ಯೋಗ’ವನ್ನ ‘ಯೇಗ’ ಅಂದ್ರೆ ‘ಯೇಗ’ ಅಂತಲೇ ಬರೆದಿದ್ದಾರೆ. ನಾನು ನಾಲ್ಕು ವರ್ಷ ಮುಚ್ಚಿಟ್ಟುಕೊಂಡ ಮಾತನ್ನ ಓದು ಬರಹ ಬಲ್ಲ ಒಬ್ಬ ಮೇಷ್ಟ್ರು ಹೆಸರಿನ ಜಾಗದಲ್ಲೇ ಇಟ್ಟಿದ್ದು ನೋಡಿ ಗಂಟಲು ಕಟ್ಟಿತು. ಅಲ್ಲಲ್ಲಿ ಭಕ್ತಿ ಹೆಚ್ಚಾಯ್ತು ಅನ್ನಿಸಬಹುದು, ಅಂಥ ಕಡೆ ಪುಟ ಮಗುಚಿ ಮುಂದೆ ಹೋಗಿ. ತಪ್ಪೇನಿಲ್ಲ.

ಸಾವಿರದ ಸಿರಿ ಬೆಳಗು: ಅಜ್ಜಿ ತಿದ್ದಿದ ಪುಸ್ತಕ

ಕೊನೆಯದು ಕಾದಂಬರಿ ಅಲ್ಲ. ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು. ಅಕ್ಷರ ಕಲಿತವರಲ್ಲ, ಆದರೆ ನೆನಪಲ್ಲಿ ಸಾವಿರಾರು ಪದ. ಕೃಷ್ಣಮೂರ್ತಿ ಹನೂರರು ಅದನ್ನ ಕೇಳಿ, ಬರೆದುಕೊಂಡು ಪುಸ್ತಕ ಮಾಡಿದರು.

ಒಬ್ಬನೇ ಕೂತು ಓದಿದಾಗ, ನಿಜ ಹೇಳ್ತೀನಿ, ನನಗೆ ಹತ್ತು ಪುಟ ದಾಟಲಿಲ್ಲ. ಹಾಡನ್ನ ಕಣ್ಣಲ್ಲಿ ಓದೋದು ಕಷ್ಟ. ಊರಿಗೆ ಹೋದಾಗ ಅಜ್ಜಿಗೆ ಓದಿ ಹೇಳೋಣ ಅಂತ ಚೀಲಕ್ಕೆ ಹಾಕಿಕೊಂಡೆ. ಅಜ್ಜಿಗೆ ಎಂಬತ್ತು ದಾಟಿದೆ. ಜಗುಲಿ ಮೇಲೆ ಶೇಂಗಾ ಸುಲೀತಾ ಕೂತಿದ್ದರು. ಒಂದು ಪದ ಓದಿದೆ. ಅಜ್ಜಿ ಕೈ ನಿಂತಿತು.

‘ಇನ್ನೊಂದ್ ಸಲ ಓದು ಮಗಾ.’

ಓದಿದೆ.

‘ನಮ್ಮ ಕಡೆ ಹಿಂಗಲ್ಲ ಕಣಪ್ಪ ಅದು,’ ಅಂತ ಹೇಳಿ ಅವರೇ ಶುರುಮಾಡಿದರು. ರಾಗಿ ಬೀಸೋವಾಗ ಹಾಡ್ತಿದ್ದದ್ದಂತೆ. ಮೂವತ್ತು ವರ್ಷದಲ್ಲಿ ನಾನು ಅಜ್ಜಿ ಹಾಡಿದ್ದನ್ನ ಕೇಳಿರಲೇ ಇಲ್ಲ. ಮನೆಗೆ ಬೀಸೋ ಮಿಷನ್ ಹಿಟ್ಟು ಬಂದ ಮೇಲೆ ಬೀಸೋಕಲ್ಲು ಹಿತ್ತಲು ಸೇರಿತ್ತು, ಹಾಡೋಕೆ ಕಾರಣವೇ ಇರಲಿಲ್ಲ. ನಾಲ್ಕನೇ ಸಾಲಿಗೆ ಅಜ್ಜಿ ನಿಂತರು. ತುಟಿ ಆಡಿತು, ಪದ ಬರಲಿಲ್ಲ. ‘ಮರ್ತೋತು,’ ಅಂದು ಮತ್ತೆ ಶೇಂಗಾ ಎತ್ತಿಕೊಂಡರು. ಆ ‘ಮರ್ತೋತು’ ಕೇಳಿದಾಗ ನನಗಾದ ಸಂಕಟ ಯಾವ ಕಾದಂಬರಿ ಓದಿದಾಗಲೂ ಆಗಿಲ್ಲ.

ಆವತ್ತಿಂದ ಊರಿಗೆ ಹೋದಾಗಲೆಲ್ಲ ಫೋನ್ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಡ್ತೀನಿ. ಎದುರಿಗೆ ಹಿಡಿದ್ರೆ ನಾಚಿಕೆ ಮಾಡ್ಕೋತಾರೆ ಅಂತ ಮೊದಲೇ ಹೇಳಿ, ಒಪ್ಪಿಸಿ, ಶೇಂಗಾ ಮೊರದ ಹಿಂದೆ ಇಡೋದು. ಪುಸ್ತಕದಿಂದ ಒಂದು ಪದ ಓದ್ತೀನಿ, ಅದು ಇನ್ನೊಂದನ್ನ ಎಳ್ಕೊಂಡು ಬರುತ್ತೆ. ಅಭ್ಯಾಸ ಬಲ, ಒಂದು ಎಕ್ಸೆಲ್ ಶೀಟ್ ಮಾಡಿದೀನಿ: ಹಾಡಿನ ಮೊದಲ ಪದ, ಯಾವಾಗ ಹಾಡ್ತಿದ್ದರು, ಯಾರಿಂದ ಕಲಿತರು, ಪೂರ್ತಿಯೋ ಅರ್ಧವೋ. ಇಲ್ಲಿವರೆಗೆ 23 ಆಗಿವೆ. ಅದರಲ್ಲಿ 9ರ ಮುಂದೆ ‘ಅರ್ಧ’ ಅಂತಿದೆ. ಅಜ್ಜಿಯ ಓರಗೆಯವರು ಊರಲ್ಲಿ ಇನ್ನಿಬ್ಬರು ಇದ್ದಾರೆ. ಮುಂದಿನ ಜಾತ್ರೆಗೆ ಹೋದಾಗ ಅವರ ಜಗುಲಿಗೂ ಹೋಗೋದಿದೆ.

ಕ್ಯಾಂಟೀನ್ ಹುಡುಗನಿಗೆ ಕೊನೆಗೂ ಉತ್ತರ ಕೊಟ್ಟೆ. ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದ ‘ಘಾಚರ್ ಘೋಚರ್’ ಕೈಗಿಟ್ಟೆ. ಓದಿ ವಾಪಸ್ ಕೊಡ್ತಾ, ‘ಬೇರೆ ಏನಾದ್ರೂ ಇದೆಯಾ?’ ಅಂದ.

‘ಐತೆ,’ ಅಂದೆ.

ನಿಮ್ಮ ಮನೆಯಲ್ಲೂ ಹಾಡೋ, ಕಥೆ ಹೇಳೋ ಹಿರಿಯರು ಇದ್ದಾರಾ? ಈ ವಾರ ಊರಿಗೆ ಹೋದ್ರೆ ಒಂದು ಪುಸ್ತಕ ತಗೊಂಡು ಹೋಗಿ, ಅವರ ಮುಂದೆ ಗಟ್ಟಿಯಾಗಿ ಓದಿ. ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ.