ನಿಮಗಿದು ಗೊತ್ತೆ? 4ಕೆ ಪರದೆಗೂ ಜೋಗ ಹಿಡಿಸದು!

ಸಾಗರ ತಾಲ್ಲೂಕಿನ ಜೋಗ ಜಲಪಾತದ ಫೋಟೊವನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದರೆ ಅದರಲ್ಲಿ 2.4 ಕೋಟಿ ಚುಕ್ಕಿಗಳು. ದುಬಾರಿ 4ಕೆ ಮಾನಿಟರ್‌ನಲ್ಲಿ ಇರುವುದು ಸುಮಾರು 83 ಲಕ್ಷ ಮಾತ್ರ!

ಜೋಗದ ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಧಾರೆಗಳು ಒಟ್ಟಿಗೆ ಕಾಣಬೇಕೆಂದರೆ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ವಿವರ ಮಾಯ. ನೂರಕ್ಕೆ ನೂರು ಹಿಗ್ಗಿಸಿದರೆ ಚುಕ್ಕಿಗಳೆಲ್ಲ ಸಿಗುತ್ತವೆ, ಆದರೆ ರಾಣಿ ಕಂಡಾಗ ರಾಜಾ ಪರದೆಯಾಚೆ. 27 ಇಂಚಿನ ಬದಲು 32 ಇಂಚಿನದು ತಂದರೂ ಕಥೆ ಇದೇ. ಎರಡೂ 4ಕೆ ಆಗಿದ್ದರೆ ಚುಕ್ಕಿಗಳ ಲೆಕ್ಕ ಒಂದೇ, ದಪ್ಪಗಾಗುತ್ತವೆ, ಹೆಚ್ಚುವುದಿಲ್ಲ. ದುಡ್ಡು ಮಾತ್ರ ಹೆಚ್ಚು!

ತೀರ್ಥಹಳ್ಳಿ, ಹೊಸನಗರದ ಸ್ಟುಡಿಯೊಗಳಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಈ ತಲೆನೋವಿಲ್ಲ. 4ಕೆ ವಿಡಿಯೊದ ಒಂದೊಂದು ಫ್ರೇಮೂ ಆ ಪರದೆಗೆ ಚುಕ್ಕಿಗೆ ಚುಕ್ಕಿ ಸರಿಹೊಂದುತ್ತದೆ.