ಬಿಗೋನಿಯಾ ಸಾಯೋದು ನೀರು ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ

ಈ ವಾರ ಹೂ ಬಿಡೋ ಬಿಗೋನಿಯಾ ಬಗ್ಗೆ ಮಾತಾಡೋಣ. ಮೊದಲೇ ಒಪ್ಕೊಂಡುಬಿಡ್ತೀನಿ, ನಾನು ಎರಡು ಬಿಗೋನಿಯಾ ಗಿಡ ಕೊಂದಿದ್ದೀನಿ.

ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜಿ ಮನೆ ಜಗಲಿಯಲ್ಲಿ ಹಳೇ ಎಣ್ಣೆ ಡಬ್ಬಗಳ ಸಾಲಿತ್ತು. ಎಲ್ಲದರಲ್ಲೂ ಗುಲಾಬಿ ಬಣ್ಣದ ಗೊಂಚಲು. ಅಜ್ಜಿ ಹೋದ ಮೇಲೆ ಆ ಮನೆಗೆ ಬೀಗ ಬಿತ್ತು. ಅಮ್ಮ ಉಳಿಸಿಕೊಂಡಿದ್ದು ಒಂದೇ ಗಿಡ. ಅದರ ಕಡ್ಡಿ ನನ್ನ ಬೆಂಗಳೂರಿನ ಬಾಲ್ಕನಿಗೆ ಬಂತು. ನಾನು ಪ್ರೀತಿಯಿಂದ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹಾಕಿದೆ. ಗಿಡ ಬಾಡಿತು. ಇನ್ನಷ್ಟು ಹಾಕಿದೆ. ಒಂದಿನ ಮುಟ್ಟಿದರೆ ಕಾಂಡ ಬುಡದಲ್ಲೇ ಕೊಳೆತು ಕೈಗೆ ಬಂತು. ಎರಡನೇದಕ್ಕೂ ಅದೇ ಗತಿ.

ಮೂರನೇ ಕಡ್ಡಿ ಕೊಡುವಾಗ ಅಮ್ಮ ಕೇಳಿದ್ದು ಇಷ್ಟೇ: "ಅಲ್ಲ ಮಾರಾಯ, ಅಷ್ಟು ಮಳೆ ಬೀಳೋ ಊರಲ್ಲಿ ಅಜ್ಜಿ ಅದನ್ನ ಸೂರಿನ ಒಳಗೇ ಯಾಕೆ ಇಟ್ಟಿದ್ರು ಹೇಳು?"

ಉತ್ತರ ಬೇರಲ್ಲಿದೆ. ಬಿಗೋನಿಯಾ ಬೇರು ತೆಳು, ಕಾಂಡದ ತುಂಬ ನೀರು. ಮಣ್ಣಿನ ಸಂದುಗಳಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗಲ್ಲ, ಕೊಳೆಯೋಕೆ ಶುರುವಾಗತ್ತೆ. ಕೊಳೆತ ಬೇರು ನೀರು ಹೀರಲ್ಲ, ಹಾಗಾಗಿ ಎಲೆ ಬಾಡತ್ತೆ. ನಾವು ಬಾಯಾರಿಕೆ ಅಂದ್ಕೊಂಡು ಮತ್ತೆ ನೀರು ಹೊಯ್ತೀವಿ. ಎಡವೋದು ಇಲ್ಲೇ. ಪಶ್ಚಿಮ ಘಟ್ಟದಲ್ಲಿ ಕಾಡು ಬಿಗೋನಿಯಾಗಳೂ ಇವೆ. ಅವು ನೆರಳಿನ ಬಂಡೆ, ಧರೆ ಮೇಲೆ ಬೆಳೆಯುತ್ತವೆ. ಅಲ್ಲಿ ನೀರು ಹರಿದು ಹೋಗತ್ತೆ, ನಿಲ್ಲಲ್ಲ.

ಹಾಗಾದರೆ ಹೇಗೆ ಬೆಳೆಸೋದು?

ಕುಂಡದಲ್ಲಾದರೆ, ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪೀಟ್ ಸಮಪಾಲು, ಜೊತೆಗೆ ಒಂದೆರಡು ಹಿಡಿ ದಪ್ಪ ಮರಳು. ಆರು ಇಂಚಿನ ಕುಂಡ ಸಾಕು. ದೊಡ್ಡ ಕುಂಡದಲ್ಲಿ ಮಣ್ಣು ಬೇಗ ಒಣಗಲ್ಲ. ತಳದಲ್ಲಿ ತೂತು ಇರಲೇಬೇಕು, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಬೆರಳು ಒಂದು ಇಂಚು ಇಳಿಸಿ ನೋಡಿ. ಒಣಗಿದ್ರೆ ಮಾತ್ರ ನೀರು, ಅದೂ ಬುಡಕ್ಕೆ. ಎಲೆ ಒದ್ದೆಯಾಗೇ ಇದ್ದರೆ ರೋಗ ಬರತ್ತೆ. ಎಲೆ ಮೇಲೆ ಬಿಳಿ ಪುಡಿ ಥರ ಕಂಡ್ರೆ ಅದು ಬೂದಿ ರೋಗ. ಆ ಎಲೆ ಕಿತ್ತು, ಗಾಳಿಯಾಡೋ ಕಡೆ ಇಡಿ.

ತೂಗುಬುಟ್ಟಿ ಲೆಕ್ಕ ಬೇರೆ. ಸುತ್ತಲೂ ಗಾಳಿ ತಾಗೋದ್ರಿಂದ ಬೇಗ ಒಣಗತ್ತೆ, ಬೇಸಿಗೆಯಲ್ಲಿ ದಿನಾ ನೀರು ಬೇಕಾಗಬಹುದು. ಬುಟ್ಟಿನ ಸ್ವಲ್ಪ ಎತ್ತಿ ನೋಡಿ, ಹಗುರ ಅನ್ನಿಸಿದ್ರೆ ಹಾಕಿ.

ಅಂಗಳದ ಪಾತಿಗೆ ವ್ಯಾಕ್ಸ್ ಬಿಗೋನಿಯಾ ಒಳ್ಳೇದು. ಪಾರ್ಕಿನ ಅಂಚಿನಲ್ಲಿ ಕಾಣೋ, ಹೊಳೆಯೋ ಎಲೆಯ ಪುಟ್ಟ ಗಿಡ ಅದು. ಪಾತಿ ನೆಲಕ್ಕಿಂತ ನಾಲ್ಕಾರು ಇಂಚು ಎತ್ತರ ಇರಲಿ, ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಡಿ. ಗುಲಾಬಿಯಂಥ ದೊಡ್ಡ ಹೂವಿನ ಗಡ್ಡೆ ಬಿಗೋನಿಯಾ ಫೋಟೋ ನೋಡಿ ಆರ್ಡರ್ ಮಾಡೋ ಮುಂಚೆ ಯೋಚಿಸಿ. ಅದಕ್ಕೆ ಊಟಿಯಂಥ ತಂಪು ಬೇಕು.

ಬಿಸಿಲು? ಬೆಳಗಿನ ಎಳೆ ಬಿಸಿಲು ಎರಡು ಮೂರು ಗಂಟೆ ಸಾಕು. ಮಧ್ಯಾಹ್ನದ ಬಿಸಿಲಿಗೆ ಎಲೆ ಸುಡತ್ತೆ. ಪೂರ್ತಿ ಕತ್ತಲಲ್ಲಿ ಹೂ ಬಿಡಲ್ಲ. ಇನ್ನೊಂದು ಮಾತು: ಇದು ನಾಯಿ, ಬೆಕ್ಕಿಗೆ ವಿಷ, ಗಡ್ಡೆಯಂತೂ ಇನ್ನೂ ಜಾಸ್ತಿ. ಕೈಗೆಟುಕದ ಕಡೆ ಇಡಿ.

ನನ್ನ ಮೂರನೇ ಕಡ್ಡಿ ಬದುಕಿದೆ, ಹೂವೂ ಬಿಟ್ಟಿದೆ. ಅದರಿಂದ ನಾಲ್ಕಿಂಚಿನ ಎರಡು ತುಂಡು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಕೋಕೋಪೀಟಲ್ಲಿ ನೆಟ್ಟೆ. ಸುಮಾರು ಮೂರು ವಾರದಲ್ಲಿ ಬೇರು ಬಂತು. ಒಂದನ್ನ ಅಮ್ಮನಿಗೆ ವಾಪಸ್ ಕೊಟ್ಟೆ. ಇನ್ನೊಂದು ಪಕ್ಕದ ಮನೆಯಲ್ಲಿದೆ. ಅಜ್ಜಿಯ ಗಿಡ ಈಗ ಒಂದೇ ಕಡೆ ಇಲ್ಲ ಅನ್ನೋದೇ ನನಗೆ ಸಮಾಧಾನ.

ನಿಮ್ಮ ಮನೇಲೂ ಇಂಥ ಹಳೇ ಗಿಡ ಇದ್ರೆ, ಮುಂದಿನ ಸಲ ಊರಿಗೆ ಹೋದಾಗ ಒಂದು ಕಡ್ಡಿ ತನ್ನಿ. ನೀರು ಹಾಕೋ ಮುಂಚೆ ಮಾತ್ರ ಬೆರಳಿಟ್ಟು ನೋಡಿ. ಮುಂದಿನ ವಾರ ಸಿಗೋಣ.